ಪಟಾಕಿ ಭಯದ ಲೇಖನ ವಾಪಸ್ ಬಂದಿದೆ: ‘ನಿಧಾನವಾಗಿ ಅಭ್ಯಾಸ ಮಾಡಿಸಿ’ ಅನ್ನೋದರಲ್ಲಿ ಏನು ತಪ್ಪು?

ಜೋಳದರೊಟ್ಟಿ

ದೀಪಾವಳಿ ಪಟಾಕಿಗೆ ಹೆದರುವ ನಾಯಿಗಳ ಬಗ್ಗೆ ಒಂದು ಕನ್ನಡ ಪತ್ರಿಕೆಯ ಪುರವಣಿಗೆ 900 ಪದದ ಲೇಖನ ಬರೆದಿದ್ದೆ. ಅದನ್ನೇ ಬೆಳೆಸಿ ಆಮೇಲೆ ತರಬೇತುದಾರರು ಓದುವ ಇಂಗ್ಲಿಷ್ ಪತ್ರಿಕೆಗೂ ಕಳಿಸುವ ಯೋಚನೆ ಇದೆ. ಸಂಪಾದಕರಿಂದ ಕರಡು ವಾಪಸ್ ಬಂದಿದೆ, ಈ ಪ್ಯಾರಾ ಸುತ್ತ ಕೆಂಪು ಗೆರೆ:

“ಪಟಾಕಿ ಸದ್ದಿಗೆ ಹೆದರುವ ನಾಯಿಗೆ ನಿಧಾನವಾಗಿ ಸದ್ದು ಕೇಳಿಸಿ ಅಭ್ಯಾಸ ಮಾಡಿಸಬೇಕು. ಜೊತೆಗೆ ತಿಂಡಿ ಕೊಡುತ್ತಿದ್ದರೆ ಭಯ ಹೋಗುತ್ತದೆ. ಹೆದರಿದಾಗ ಮುದ್ದು ಮಾಡಬಾರದು, ಮುದ್ದಿಸಿದರೆ ಭಯ ಇನ್ನೂ ಹೆಚ್ಚಾಗುತ್ತದೆ.”

ಅಂಚಿನಲ್ಲಿ ಬರೆದಿರೋದು ಇಷ್ಟೇ: “ಓದಿದವರು ಸಂಜೆ ಮನೆಗೆ ಹೋಗಿ ಏನು ಮಾಡಬೇಕು?” ಉತ್ತರ ಪ್ಯಾರಾದಲ್ಲೇ ಇದೆಯಲ್ಲ?

ಕ್ಲಿಕ್ಕರ್ ಕೈ

ಇಲ್ಲ. ‘ನಿಧಾನವಾಗಿ’ ಅಂದ್ರೆ ಸಣ್ಣ ಸದ್ದಾ, ದಿನಕ್ಕೆ ಸ್ವಲ್ಪಸ್ವಲ್ಪ ಅಂತಲಾ, ತುಂಬಾ ದಿನ ಹಿಡಿದು ಅಂತಲಾ? ಮೂರೂ ಅರ್ಥ ಬರುತ್ತೆ. ‘ಸದ್ದು ಕೇಳಿಸಿ’, ಸರಿ, ಯಾವುದರಿಂದ? ‘ಜೊತೆಗೆ ತಿಂಡಿ’ ಅನ್ನೋದು ಎಲ್ಲಕ್ಕಿಂತ ಅಪಾಯದ್ದು. ತಿಂಡಿ ಮೊದಲು ಬಂದು ಸದ್ದು ಆಮೇಲೆ ಬಂದ್ರೆ ನಾಯಿ ಕಲಿಯೋದು ಉಲ್ಟಾ: ಡಬ್ಬಿ ಮುಚ್ಚಳ ತೆಗೆದ ಸದ್ದೇ ಪಟಾಕಿಯ ಮುನ್ಸೂಚನೆ ಆಗಿಬಿಡುತ್ತೆ. ನಾಲ್ಕು ದಿನದಲ್ಲಿ ಕೋಳಿ ತುಂಡು ಕಂಡ್ರೂ ಮಂಚದ ಕೆಳಗೆ ಓಡುತ್ತೆ. ಆಗ ಓದುಗರು ‘ಈ ವಿಧಾನ ನಮ್ಮ ನಾಯಿಗೆ ಆಗಲ್ಲ’ ಅಂತಾರೆ. ತಪ್ಪು ವಿಧಾನದ್ದಲ್ಲ, ವಾಕ್ಯದ್ದು.

ಆ ಪ್ಯಾರಾದ ಮೊದಲ ಎರಡು ವಾಕ್ಯಕ್ಕೆ ಬದಲಾಗಿ ಹೀಗೆ ಬರೆದು ನೋಡಿ:

“ಪಟಾಕಿ ಸದ್ದಿನ ರೆಕಾರ್ಡಿಂಗನ್ನು ಫೋನಿನಲ್ಲೇ ನುಡಿಸಬೇಡಿ, ಬ್ಲೂಟೂತ್ ಸ್ಪೀಕರಿಗೆ ಕೊಡಿ. ಸ್ಪೀಕರ್ ಪಕ್ಕದ ಕೋಣೆಯಲ್ಲಿರಲಿ. ನಾಯಿ ಕಿವಿ ಹೊರಳಿಸಬೇಕು, ಆದರೆ ಕೂತಲ್ಲಿಂದ ಏಳಬಾರದು. ಅಷ್ಟು ಸಣ್ಣ ಸದ್ದಿನಿಂದ ಶುರು ಮಾಡಿ. ಒಂದು ಸಲ ಸದ್ದು ಬಂತು. ಒಂದೆರಡು ಸೆಕೆಂಡಿನೊಳಗೆ ಕಡಲೆಕಾಳಿನಷ್ಟು ಪನೀರ್ ಅಥವಾ ಬೇಯಿಸಿದ ಕೋಳಿ ಬಾಯಿಗೆ ಹೋಗಲಿ. ಮುಂದಿನ ಸದ್ದಿಗೆ ಮುಂಚೆ ಒಮ್ಮೆ 20 ಸೆಕೆಂಡು, ಒಮ್ಮೆ ಒಂದು ನಿಮಿಷ ಬಿಡಿ. ಹೀಗೆ ಹತ್ತು ಸಲ ಆದರೆ ಅವತ್ತಿನ ಪಾಠ ಮುಗಿಯಿತು. ಸದ್ದು ಬಂದ ಕೂಡಲೇ ನಾಯಿ ತಿಂಡಿಗಾಗಿ ನಿಮ್ಮ ಮುಖ ನೋಡುವುದು ಹತ್ತರಲ್ಲಿ ಎಂಟು ಸಲ ಆದರೆ, ಮಾರನೇ ದಿನ ವಾಲ್ಯೂಮ್ ಒಂದು ಗೆರೆ ಏರಿಸಿ. ತಿನ್ನುವುದನ್ನು ಬಿಟ್ಟಿತು, ಬಾಲ ಒಳಗೆ ಎಳೆದುಕೊಂಡಿತು, ಏದುಸಿರು ಬಿಡತೊಡಗಿತು, ಎದ್ದು ಹೋಯಿತು — ಇದರಲ್ಲಿ ಒಂದು ಕಂಡರೂ ಎರಡು ಗೆರೆ ಇಳಿಸಿ.”

ಪದ ಜಾಸ್ತಿ ಆಯ್ತು, ಗೊತ್ತು. ಆದ್ರೆ ಯಾವಾಗ ಏರಿಸಬೇಕು, ಯಾವಾಗ ಇಳಿಸಬೇಕು ಅನ್ನೋ ಅಳತೆ ಬರೆಯದೆ ಇದ್ರೆ ಅದು ತರಬೇತಿ ಲೇಖನ ಅಲ್ಲ, ಹಾರೈಕೆ. ಫೋನ್ ಯಾಕೆ ಬೇಡ ಅನ್ನೋ ಕಾರಣವನ್ನೂ ಚಿಕ್ಕದಾಗಿ ಸೇರಿಸಿ: ಫೋನಿನ ಪುಟ್ಟ ಸ್ಪೀಕರಿನಿಂದ ಆಟಂಬಾಂಬಿನ ‘ಧಂ’ ಅನ್ನೋ ಕೆಳಸ್ಥಾಯಿಯ ಸದ್ದು ಹೊರಡೋದೇ ಇಲ್ಲ, ಬರೀ ‘ಟಪ್’ ಬರುತ್ತೆ. ನಾಯಿ ‘ಟಪ್’ಗೆ ಒಗ್ಗಿದ ಮಾತ್ರಕ್ಕೆ ‘ಧಂ’ಗೆ ಒಗ್ಗಲ್ಲ. ದೊಡ್ಡ ಸ್ಪೀಕರಿಗೂ ಮಿತಿ ಇದೆ. ನೆಲದ ಅದುರು, ಬೆಳಕಿನ ಮಿಂಚು, ಮದ್ದಿನ ವಾಸನೆ ರೆಕಾರ್ಡಿಂಗಿನಲ್ಲಿ ಇರಲ್ಲ. ಅದನ್ನೂ ಹೇಳದಿದ್ರೆ ಹಬ್ಬದ ದಿನ ಓದುಗರು ಮೋಸ ಹೋದೆವು ಅಂದ್ಕೋತಾರೆ.

ಧಾರವಾಡದ ದನದ ಡಾಕ್ಟ್ರು

ನಿಮ್ಮ ಪ್ಯಾರಾದ ಮೂರನೇ ವಾಕ್ಯ, ‘ಮುದ್ದು ಮಾಡಬಾರದು’ ಅನ್ನೂದು, ಮೊದಲ ತೆಗೀರಿ. ಭಯ ಅನ್ನೂದು ನಾಯಿ ಬೇಕಂತ ಮಾಡೋ ಕೆಲಸ ಅಲ್ಲ, ಒಳಗ ಹುಟ್ಟೋ ಸ್ಥಿತಿ. ಕುಂತಾಗ ಬಿಸ್ಕಿಟ್ ಕೊಟ್ಟರ ಕೂಡೂದು ಹೆಚ್ಚಾಗ್ತದ. ಅಂಜಿದಾಗ ಮೈಮ್ಯಾಲೆ ಕೈ ಆಡಿಸಿದ್ರ ಅಂಜಿಕೆ ಹಂಗ ಹೆಚ್ಚಾಗೂದಿಲ್ಲ. ತಾನ ಬಂದು ಅಂಟಿಕೊಂಡು ಕುಂತರ ಕುಂಡ್ರಲಿ. ಮೂಲ್ಯಾಗ ಹೋಗಿ ಅಡಗಿದ್ರ ಹೊರಗ ಎಳೀಬ್ಯಾಡ್ರಿ. ಇಷ್ಟ ಬರೀರಿ ಸಾಕು.

ಔಷಧದ ವಿಷಯಕ್ಕ ಬಂದ್ರ, ‘ವೈದ್ಯರನ್ನ ಕೇಳಿ’ ಅಂತ ಒಂದ ಸಾಲು ಕಡೀಕೆ ಒಗದು ಕೈ ತೊಳಕೋಬ್ಯಾಡ್ರಿ. ಏನು ಕೇಳಬೇಕು ಅಂತ ಬರೀರಿ: ಹಬ್ಬಕ್ಕ ಕಡಿಮಿ ಅಂದ್ರ ಮೂರು ವಾರ ಮೊದಲ ಹೋಗಬೇಕು, ಗದ್ದಲ ಇಲ್ಲದ ದಿನ ಒಮ್ಮೆ ಕೊಟ್ಟು ನೋಡಬೇಕು. ಯಾಕಂದ್ರ ಆಲ್ಪ್ರಝೋಲಾಮ್‌ನಂಥ ಆತಂಕ ತಗ್ಗಿಸೋ ಗುಳಿಗಿ ಕೆಲವು ನಾಯಿಗೆ ಶಾಂತ ಮಾಡೂದರ ಬದಲಿ ಚಡಪಡಿಕೆ ತರ್ತದ. ಅಸೆಪ್ರೊಮಝೀನ್ ಅನ್ನೋ ಮಂಪರಿನ ಔಷಧ ಒಂದನ್ನ ಕೊಟ್ಟರ ಮೈ ಸಡಿಲ ಆಗ್ತದ, ಅಂಜಿಕೆ ಹಂಗ ಉಳೀತದ. ನೋಡೋರಿಗೆ ನಾಯಿ ‘ಆರಾಮ ಮಲಗೇದ’ ಅನಸ್ತದ. ಆದ್ರ ಪ್ರಮಾಣ ಮಾತ್ರ ಯಾವ ಕಾರಣಕ್ಕೂ ಬರೀಬ್ಯಾಡ್ರಿ. ಆಲ್ಪ್ರಝೋಲಾಮ್ ನಮ್ಮಲ್ಲಿ ಶೆಡ್ಯೂಲ್ ಎಚ್1 ಔಷಧ, ಚೀಟಿ ಇಲ್ದ ಮಾರಂಗಿಲ್ಲ. ಆದ್ರೂ ಅಜ್ಜಗೋಳ ಗುಳಿಗಿ ಡಬ್ಬ್ಯಾಗ ಅದು ಇರ್ತದ. ನೀವು ‘ಇಷ್ಟು ಮಿಲಿಗ್ರಾಂ’ ಅಂತ ಬರೆದ್ರ ಆ ಡಬ್ಬಿ ತೆಗೀತಾರ.

ಇನ್ನೊಂದು. ಐದಾರು ವರ್ಷ ಪಟಾಕಿಗೆ ತಲಿ ಕೆಡಿಸಿಕೊಳ್ಳದ ನಾಯಿ ಈ ವರ್ಷ ಅಂಜಾಕ ಹತ್ತೇದ ಅಂದ್ರ ಮೊದಲ ಸೊಂಟ, ಕೀಲು, ಕಿವಿ ತೋರಸ್ರಿ ಅಂತ ಬರೀರಿ. ಬೆಚ್ಚಿ ಬಿದ್ದಾಗ ಸ್ನಾಯು ಬಿಗಿದು ನೋವಾಗ್ತದ, ಆ ನೋವು ಸದ್ದಿಗೆ ಗಂಟು ಬೀಳ್ತದ. ಫ್ರಾಂಟಿಯರ್ಸ್ ಇನ್ ವೆಟರಿನರಿ ಸೈನ್ಸ್ ಪತ್ರಿಕೆಯೊಳಗ 2018ರಾಗ ಇದರ ಮ್ಯಾಲ ಒಂದು ಅಧ್ಯಯನ ಬಂದದ. ಆದ್ರ ಅದರಾಗ ಇದ್ದದ್ದು 20 ನಾಯಿ ಮಾತ್ರ, 10 ನೋವಿದ್ದವು, 10 ಇಲ್ಲದ್ದು. ಉಲ್ಲೇಖ ಮಾಡಿದ್ರ ಆ 20 ಅನ್ನೂ ಬರೀರಿ.

ಮತ್ತ ತಿಂಡಿ ಅಂತ ಬರೆದ ಕಡೆ ಏನು ಕೊಡಬಾರದು ಅನ್ನೂದೂ ಇರ್ಲಿ. ದೀಪಾವಳ್ಯಾಗ ಮನ್ಯಾಗ ಇರೋದ ಲಾಡು, ಒಣದ್ರಾಕ್ಷಿ, ಚಾಕ್ಲೇಟ್. ದ್ರಾಕ್ಷಿ, ಒಣದ್ರಾಕ್ಷಿ ನಾಯಿ ಮೂತ್ರಪಿಂಡ ಕೆಡಸ್ತಾವ.

ರಾತ್ರಿಪಾಳಿ ಡೆಸ್ಕ್

ಎಲ್ಲಾ ಸರಿ, ಆದರೆ ಲೇಖನ ಅಚ್ಚಾಗೋದು ಯಾವಾಗ ಅಂತ ಯಾರೂ ಕೇಳಲೇ ಇಲ್ಲ. ಪುರವಣಿಗಳು ಪಟಾಕಿ ಲೇಖನ ಹಾಕೋದು ದೀಪಾವಳಿ ವಾರದಲ್ಲಿ. ಆ ವಾರ ‘ಸಣ್ಣ ಸದ್ದಿನಿಂದ ಶುರು ಮಾಡಿ’ ಅಂತ ಬರೆದರೆ ಓದಿದವರು ಅವತ್ತೇ ಶುರು ಮಾಡ್ತಾರೆ. ಒಳಗೆ ಸ್ಪೀಕರ್, ಹೊರಗೆ ಲಕ್ಷ್ಮೀಪಟಾಕಿ. ಸದ್ದಿನ ಅಳತೆ ಮಾಲೀಕರ ಕೈಯಲ್ಲಿಲ್ಲ ಅಂದಮೇಲೆ ನೀವು ಹೇಳಿದ ವಾಲ್ಯೂಮ್ ಗೆರೆಗಳಿಗೆ ಅರ್ಥವೇ ಇಲ್ಲ.

ಹಾಗಾಗಿ ಇದು ಎರಡು ಲೇಖನ. ತರಬೇತಿಯದ್ದು ಜೂನ್ ಕೊನೆ, ಜುಲೈಗೆ ಕಳಿಸಿ. ಮಧ್ಯೆ ಗಣೇಶನ ಹಬ್ಬ ಇದೆ ಅನ್ನೋದು ನೆನಪಿರಲಿ. ವಿಸರ್ಜನೆಗೆ ತಮಟೆ, ಪಟಾಕಿ ಎರಡೂ ಇರುತ್ತೆ. ಆ ದಿನಗಳಲ್ಲಿ ರೆಕಾರ್ಡಿಂಗ್ ನಿಲ್ಲಿಸಿ, ಆಮೇಲೆ ಎರಡು ಗೆರೆ ಕೆಳಗಿಂದ ಮತ್ತೆ ಹಿಡೀರಿ ಅಂತ ಬರೀಬೇಕು. ಹಬ್ಬದ ವಾರದ್ದು ಬರೀ ನಿಭಾಯಿಸೋ ಲೇಖನ, 400 ಪದ ಸಾಕು: ಸಂಜೆ ಆರರೊಳಗೆ ವಾಕಿಂಗ್ ಮತ್ತು ಊಟ, ಮನೆಯ ಒಳಗಿನ ಕೋಣೆ, ದಪ್ಪ ಪರದೆ, ಜೋರು ಫ್ಯಾನ್ ಇಲ್ಲವೇ ಟಿವಿ, ನೀರು, ಕತ್ತುಪಟ್ಟಿಯಲ್ಲಿ ಫೋನ್ ನಂಬರ್, ಹೊರಬಾಗಿಲ ಚಿಲಕ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10 ಅಂತ ಸಮಯ ಕಟ್ಟಿತು. ಅದನ್ನ ನಂಬಿ ‘8ಕ್ಕೆ ಒಳಗೆ ಕರೆದುಕೊಳ್ಳಿ’ ಅಂತ ಬರೀಬೇಡಿ, ಬೀದಿ ಗಡಿಯಾರ ನೋಡಲ್ಲ.

ತಲೆಬರಹದ ಬಗ್ಗೆ. ಅದು ಪತ್ರಿಕೆಯಲ್ಲಿ ಪುಟ ಕಟ್ಟೋ ಡೆಸ್ಕಿನವರ ಕೈಲಿರುತ್ತೆ, ಮತ್ತೆ ನಾಯಿ ಲೇಖನ ಕಂಡ ಕೂಡಲೇ ಡೆಸ್ಕಿಗೆ ಗಾದೆ ನೆನಪಾಗುತ್ತೆ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಅಂತ 36 ಪಾಯಿಂಟಿನ ದೊಡ್ಡಕ್ಷರದಲ್ಲಿ ಬಂತು ಅಂದ್ರೆ ಕೆಳಗೆ ನೀವು ಬರೆದ ಎಚ್ಚರಿಕೆ ಎಲ್ಲಾ ಹೊಳೆಯಲ್ಲಿ ಹುಣಸೇಹಣ್ಣು ತೊಳೆದ ಹಾಗೆ. ಹೆದರಿ ಬೊಗಳುವ ನಾಯಿ ಖಂಡಿತ ಕಚ್ಚಬಹುದು. ಎರಡು ತಲೆಬರಹ ನೀವೇ ಬರೆದು ಕಳಿಸಿ. ಒಳ್ಳೇದಿದ್ರೆ ಅದನ್ನೇ ಇಡ್ತಾರೆ, ರಾತ್ರಿ ಹನ್ನೊಂದಕ್ಕೆ ಹೊಸದು ಯೋಚಿಸೋ ತಾಳ್ಮೆ ಯಾರಿಗೂ ಇರಲ್ಲ.

ಫೋಟೋನೂ ಹಾಗೇ. ಕಳಿಸದಿದ್ರೆ ಏಜೆನ್ಸಿಯ ಫೋಟೋ ಹಾಕ್ತಾರೆ: ಮಗು ನಾಯಿ ಕುತ್ತಿಗೆ ತಬ್ಬಿಕೊಂಡು ಮುತ್ತು ಕೊಡ್ತಿರೋದು, ನಾಯಿ ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ತೋರಿಸ್ತಿರೋದು. ಅಡಿಬರಹ ‘ಅಕ್ಕರೆಯ ಗೆಳೆಯ’. ಗೊತ್ತಿರೋರು ನೋಡಿದ್ರೆ ಕಚ್ಚೋದಕ್ಕೆ ಎರಡು ಸೆಕೆಂಡ್ ಮುಂಚಿನ ಚಿತ್ರ ಅದು.

ಜೋಳದರೊಟ್ಟಿ

ಎರಡು ಲೇಖನ ಅನ್ನೋದು ಹೊಳೆದೇ ಇರಲಿಲ್ಲ. ಧನ್ಯವಾದ. ಇನ್ನೊಂದು ಪ್ರಶ್ನೆ, ಪಾರಿಭಾಷಿಕ ಪದ. ‘ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್’ಗೆ ‘ನಕಾರಾತ್ಮಕ ಪ್ರೋತ್ಸಾಹ’ ಅಂತ ಹಾಕಿದ್ದೆ. ಅದರ ಪಕ್ಕದಲ್ಲೂ ಪ್ರಶ್ನಾರ್ಥಕ ಚಿಹ್ನೆ ಇದೆ.

ಪದಬುಟ್ಟಿ

ಇರಲೇಬೇಕು. ‘ನಕಾರಾತ್ಮಕ’ ಅಂದರೆ ಕನ್ನಡದ ಓದುಗರಿಗೆ ಕೆಟ್ಟದ್ದು ಅಂತಲೇ ಕೇಳಿಸೋದು. ನಕಾರಾತ್ಮಕ ಯೋಚನೆ ಇದ್ದ ಹಾಗೆ. ಇಲ್ಲಿ ಅದು ಕೆಟ್ಟದ್ದೂ ಅಲ್ಲ, ಶಿಕ್ಷೆಯೂ ಅಲ್ಲ, ಬರೀ ಕಳೆಯೋ ಚಿಹ್ನೆ. ಅದಕ್ಕೆ ನಮ್ಮಲ್ಲಿ ಲೆಕ್ಕದ ಪದವೇ ಇದೆಯಲ್ಲ, ಧನ ಮತ್ತು ಋಣ. ಬಿ.ಎಡ್. ಪಠ್ಯಗಳಲ್ಲಿ ‘ಅನುಬಂಧನ’ (ಕಂಡೀಷನಿಂಗ್), ‘ಪುನರ್ಬಲನ’ (ರೀಇನ್‌ಫೋರ್ಸ್‌ಮೆಂಟ್) ಚಾಲ್ತಿಯಲ್ಲಿದೆ. ಊಟದ ಸೂಚನೆಗೇ ಜೊಲ್ಲು ಸುರಿಸಲು ಕಲಿತ ಪಾವ್ಲೋವನ ನಾಯಿ ಮೇಷ್ಟ್ರುಗಳಿಗೆಲ್ಲ ಗೊತ್ತು. ಹಾಗಾಗಿ ಧನ ಪುನರ್ಬಲನ, ಋಣ ಪುನರ್ಬಲನ. ಏನೋ ಒಂದನ್ನ ಕೂಡಿಸಿದ್ದರಿಂದ ನಡೆ ಹೆಚ್ಚಾದರೆ ಧನ, ಏನೋ ಒಂದನ್ನ ಕಳೆದಿದ್ದರಿಂದ ನಡೆ ಹೆಚ್ಚಾದರೆ ಋಣ. ಶಿಕ್ಷೆ ಅನ್ನೋದು ನಡೆ ಕಡಿಮೆಯಾದಾಗ ಮಾತ್ರ.

ಉದಾಹರಣೆ ಒಂದೇ ಸಾಧನದಿಂದ ಕೊಟ್ಟರೆ ವ್ಯತ್ಯಾಸ ಥಟ್ ಅಂತ ತಿಳಿಯುತ್ತೆ. ಕುತ್ತಿಗೆಯ ಸರಪಳಿ ಬಿಗಿ ಹಿಡಿದು, ನಾಯಿ ಕೂತ ಕೂಡಲೇ ಸಡಿಲ ಬಿಟ್ಟರೆ, ಕೂರೋದು ಹೆಚ್ಚಾಗುತ್ತೆ: ಋಣ ಪುನರ್ಬಲನ. ನಾಯಿ ಮುಂದೆ ಎಳೆದಾಗ ಅದೇ ಸರಪಳಿಯನ್ನ ಜಗ್ಗಿದರೆ, ಎಳೆಯೋದು ಕಡಿಮೆಯಾಗುತ್ತೆ: ಧನ ಶಿಕ್ಷೆ. ಎರಡರಲ್ಲೂ ನಾಯಿಗೆ ಇರಿಸುಮುರಿಸು, ಆದರೆ ಕೆಲಸ ಬೇರೆ. ಪುರವಣಿಗೆ ಇಷ್ಟೂ ಬೇಡ, ‘ಒತ್ತಡ ತೆಗೆದು ಕಲಿಸುವುದು’ ಅಂತ ಬರೆದು ಮುಂದೆ ಹೋಗಿ. ‘ಡಿಸೆನ್ಸಿಟೈಸೇಶನ್’ಗೆ ‘ಸಂವೇದನಾಶೂನ್ಯಗೊಳಿಸುವಿಕೆ’ ಅಂತ ದಯವಿಟ್ಟು ಬರೀಬೇಡಿ, ಅರಿವಳಿಕೆ ಕೊಟ್ಟ ಹಾಗಿರುತ್ತೆ. ‘ಸದ್ದಿಗೆ ಒಗ್ಗಿಸುವುದು’ ಸಾಕು.

ಬೆಕ್ಕಿನ ಕಣ್ಣು

ಪದಗಳ ಮಾತು ಬಂದಿದ್ದಕ್ಕೆ ಹೇಳ್ತೀನಿ, ಪಾರಿಭಾಷಿಕ ಪದಕ್ಕಿಂತ ಮಾಮೂಲಿ ಪದಗಳೇ ಹೆಚ್ಚು ಕೆಡಿಸೋದು. ಹಠಮಾರಿ, ಪೊಗರು, ಸೇಡು, ‘ತಪ್ಪು ಮಾಡಿದ್ದು ಅದಕ್ಕೆ ಗೊತ್ತು’. ಕರಡಿನಲ್ಲಿ ಇವೆಲ್ಲ ಎಲ್ಲಿವೆ ಹುಡುಕಿ, ಪ್ರತಿಯೊಂದರ ಜಾಗದಲ್ಲಿ ‘ಕ್ಯಾಮೆರಾ ಇಟ್ಟಿದ್ರೆ ಏನು ಕಾಣ್ತಿತ್ತು?’ ಅಂತ ಕೇಳ್ಕೊಳ್ಳಿ. ‘ನಾಯಿ ಹಠ ಮಾಡಿತು’ ಅಲ್ಲ, ‘ಮೂರು ಸಲ ಕರೆದರೂ ಗೇಟಿನ ಬಳಿ ಮೂಸುತ್ತಲೇ ನಿಂತಿತು’. ಎರಡನೆಯದನ್ನ ಓದಿದ ತಕ್ಷಣ ಪರಿಹಾರ ಯೋಚನೆಗೆ ಬರುತ್ತೆ: ಗೇಟಿನಿಂದ ದೂರ ಕರೆದು ಕಲಿಸಬೇಕು. ಮೊದಲನೆಯದಕ್ಕೆ ಹೊಳೆಯೋ ಪರಿಹಾರ ಒಂದೇ, ಏಟು.

ಆ ‘ತಪ್ಪಿತಸ್ಥ ಮುಖ’ದ ಮೇಲೆ ನಾಯಿ ನಡವಳಿಕೆ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ 14 ನಾಯಿಗಳ ಮೇಲೆ ಪ್ರಯೋಗ ಮಾಡಿ ಬಿಹೇವಿಯರಲ್ ಪ್ರೊಸೆಸಸ್ ಪತ್ರಿಕೆಯಲ್ಲಿ ಬರೆದಿದ್ದಾರೆ. ನಾಯಿ ತಿಂಡಿ ಕದ್ದಿತ್ತೋ ಇಲ್ಲವೋ ಅನ್ನೋದಕ್ಕೂ ಆ ಮುಖಕ್ಕೂ ಸಂಬಂಧ ಇರಲಿಲ್ಲ. ಮಾಲೀಕರು ಬೈದಾಗ ಆ ಮುಖ ಹೆಚ್ಚು ಬಂತು. ಕದಿಯದೇ ಬೈಸಿಕೊಂಡವೂ ಹಾಗೇ ಮುಖ ಮಾಡಿದವು.

ಬೆಕ್ಕಿನ ಲೇಖನದಲ್ಲಂತೂ ‘ಸೇಡಿಗೆ ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತದೆ’ ಅನ್ನೋ ಸಾಲು ಜೀವ ತೆಗೀಬಹುದು. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕಿರಿದು ಹನಿಯೂ ಬರುತ್ತಿಲ್ಲ ಅಂದ್ರೆ ಮೂತ್ರದ ದಾರಿ ಕಟ್ಟಿರಬಹುದು. ನಾಳೆ ನೋಡೋಣ ಅನ್ನೋ ಹಾಗಿಲ್ಲ, ಅವತ್ತೇ ಆಸ್ಪತ್ರೆ. ನಡವಳಿಕೆ ಲೇಖನ ಯಾವುದೇ ಇರಲಿ, ಕಾಯಿಲೆಯ ಮಾತು ಮೊದಲ ಮೂರು ಪ್ಯಾರಾದೊಳಗೆ ಬರಬೇಕು. ಪುಟ ಕಟ್ಟುವಾಗ ಕತ್ತರಿ ಬೀಳೋದು ಕೆಳಗಿನಿಂದ.

ರಾತ್ರಿಪಾಳಿ ಡೆಸ್ಕ್

ಕೊನೇ ಸಾಲಿಗೆ ನನ್ನ ಸಹಿ ಇದೆ.

ಕ್ಲಿಕ್ಕರ್ ಕೈ

‘ಆಲ್ಫಾ’, ಅಂದ್ರೆ ಗುಂಪಿನ ಯಜಮಾನ, ಅನ್ನೋ ಪದವೂ ಕರಡಿನಲ್ಲಿದ್ರೆ ಹೊಡೆದುಹಾಕಿ. ಅದರ ಮೂಲ ರುಡಾಲ್ಫ್ ಶೆಂಕೆಲ್ 1947ರಲ್ಲಿ ಬರೆದ, ಬಂಧನದಲ್ಲಿಟ್ಟ ತೋಳಗಳ ವಿವರಣೆ. ತೋಳಗಳ ಸಂಶೋಧಕ ಡೇವಿಡ್ ಮೆಕ್ 1970ರ ಪುಸ್ತಕದಿಂದ ಅದನ್ನ ಜನಪ್ರಿಯ ಮಾಡಿದ್ರು, ಅವರೇ 1999ರಲ್ಲಿ ಕೆನೇಡಿಯನ್ ಜರ್ನಲ್ ಆಫ್ ಝೂಆಲಜಿಯಲ್ಲಿ ಕಾಡಿನ ತೋಳದ ಗುಂಪು ಅಂದ್ರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ, ಆಲ್ಫಾ ಅನ್ನೋ ಮಾತು ಅಲ್ಲಿಗೆ ಹೊಂದಲ್ಲ ಅಂತ ಬರೆದ್ರು. ತೋಳಕ್ಕೇ ಹೊಂದದ್ದನ್ನ ಸೋಫಾ ಮೇಲೆ ಮಲಗಿದ ಲ್ಯಾಬ್ರಡಾರಿಗೆ ಹೊಂದಿಸೋದು ಯಾಕೆ?

ಎರಡನೇ ಕರಡು

ಇಂಗ್ಲಿಷ್ ಪತ್ರಿಕೆಯ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಮೊದಲು ಎಲ್ಲಿಗೆ ಅಂತ ತೀರ್ಮಾನಿಸಿ. ನಾಯಿ ತರಬೇತುದಾರರ ಸಂಘ ಎಪಿಡಿಟಿಯ ‘ಕ್ರಾನಿಕಲ್ ಆಫ್ ದ ಡಾಗ್’, ಪ್ರಾಣಿ ನಡವಳಿಕೆ ಸಲಹೆಗಾರರ ಐಎಎಬಿಸಿ ಫೌಂಡೇಶನ್ನಿನ ಜರ್ನಲ್ ಇವು ವೃತ್ತಿಯವರು ವೃತ್ತಿಯವರಿಗೆ ಬರೆಯೋ ಪತ್ರಿಕೆಗಳು. ಒಂದೇ ಪ್ರಕರಣವನ್ನ ಚೆನ್ನಾಗಿ ದಾಖಲಿಸಿದ್ರೂ ಅಲ್ಲಿ ಜಾಗ ಇದೆ. ‘ಅಪ್ಲೈಡ್ ಅನಿಮಲ್ ಬಿಹೇವಿಯರ್ ಸೈನ್ಸ್’, ‘ಜರ್ನಲ್ ಆಫ್ ವೆಟರಿನರಿ ಬಿಹೇವಿಯರ್’ ಸಂಶೋಧನಾ ಪತ್ರಿಕೆಗಳು. ತಜ್ಞರ ವಿಮರ್ಶೆ ದಾಟಬೇಕು, ಕೆಲಸ ಶುರುವಾಗುವ ಮುಂಚೆಯೇ ನೈತಿಕ ಸಮಿತಿಯ (ಎಥಿಕ್ಸ್ ಕಮಿಟಿ) ಅನುಮತಿ ತಗೊಂಡಿರಬೇಕು, ಆಮೇಲೆ ತಂದರೆ ಆಗಲ್ಲ. ಎರಡು ದಿನದಲ್ಲಿ ಒಪ್ಪಿ ದುಡ್ಡು ಕೇಳೋ ‘ಅಂತಾರಾಷ್ಟ್ರೀಯ’ ಪತ್ರಿಕೆಗಳ ಕಡೆ ತಲೆ ಹಾಕಬೇಡಿ.

ವೃತ್ತಿ ಪತ್ರಿಕೆಯ ಪ್ರಕರಣ ವರದಿಯಲ್ಲಿ ಬಹುತೇಕ ಕರಡು ಬೀಳೋದು ಒಂದೇ ಕಡೆ: ಶುರುವಿನ ಅಳತೆ ಇರಲ್ಲ. ‘ತುಂಬಾ ಸುಧಾರಿಸಿತು’ ಅಂತ ಇರುತ್ತೆ, ಎಲ್ಲಿಂದ ಅಂತ ಇರಲ್ಲ. ತರಬೇತಿಗೆ ಮುಂಚೆ ಏಳು ದಿನ ಏನೂ ಮಾಡದೆ ಬರೀ ಎಣಿಸಿ. ದಿನದಲ್ಲಿ ಎಷ್ಟು ಸದ್ದಿಗೆ ನಾಯಿ ಅಡಗಿತು, ಅಡಗಿದ ಮೇಲೆ ಎಷ್ಟು ನಿಮಿಷಕ್ಕೆ ಹೊರಬಂತು, ಸದ್ದಾದ 10 ಸೆಕೆಂಡಿನೊಳಗೆ ತಿಂಡಿ ತಿಂದಿತೇ ಇಲ್ಲವೇ. ಈ ಮೂರೇ ಕಲಂ ಸಾಕು, ಆದರೆ ಕೊನೇವರೆಗೂ ಅದೇ ಮೂರು ಇರಬೇಕು. ಮಧ್ಯದಲ್ಲಿ ಅಳತೆ ಬದಲಾಯಿಸಿದ್ರೆ ವರದಿ ಅಲ್ಲಿಗೆ ಮುಗೀತು.

ವರದಿಯ ಮೊದಲ ಪ್ಯಾರಾದಲ್ಲಿ ನಾಯಿಯ ತಳಿ ಅಥವಾ ನಾಡನಾಯಿ ಅಂತ, ವಯಸ್ಸು, ಲಿಂಗ, ಸಂತಾನಹರಣ ಆಗಿದೆಯೇ, ತೂಕ, ಮನೆಗೆ ಬಂದಾಗ ಎಷ್ಟು ವಾರದ ಮರಿ. ಆಮೇಲೆ ವೈದ್ಯರ ತಪಾಸಣೆ. ನಡೆಗೆ ಮುಂಚೆ ಏನಾಯ್ತು, ನಡೆ ಏನು, ಆಮೇಲೆ ಏನಾಯ್ತು ಅನ್ನೋ ಮೂರು ತುಂಡಿನ ವಿವರಣೆ. ಔಷಧ ನಡೆಯುತ್ತಿದ್ದರೆ ಶುರುವಾದ ದಿನಾಂಕ ಕಡ್ಡಾಯ. ಒಂದೇ ವಾರದಲ್ಲಿ ಔಷಧ, ಒಗ್ಗಿಸುವುದು ಎರಡೂ ಶುರುವಾಗಿದ್ರೆ ಯಾವುದರಿಂದ ಗುಣವಾಯ್ತು ಅಂತ ಹೇಳೋ ಹಕ್ಕು ನಿಮಗಿಲ್ಲ, ಹಾಗಂತಲೇ ಬರೀರಿ. ಮೂರು ತಿಂಗಳ ನಂತರದ ಸ್ಥಿತಿ ಸೇರಿಸಿ. ಮಾಲೀಕರ ಒಪ್ಪಿಗೆ ಲಿಖಿತದಲ್ಲಿರಲಿ, ನಾಯಿ ಹೆಸರನ್ನೂ ಬದಲಿಸಿ. ಅಪಾರ್ಟ್‌ಮೆಂಟಿನಲ್ಲಿ ‘ಬ್ರೂನೋ’ ಅಂದ್ರೆ ಯಾರ ಮನೆ ಅಂತ ಎಲ್ಲರಿಗೂ ಗೊತ್ತಿರುತ್ತೆ.

ಉಲ್ಲೇಖ ಮಾಡೋದಕ್ಕೆ ನಿಮ್ಮ ವಿಷಯದಲ್ಲೇ ಒಳ್ಳೆ ಉದಾಹರಣೆ ಇದೆ. ಸಂಶೋಧಕಿ ಸ್ಟೆಫನಿ ರೀಮರ್ 2020ರಲ್ಲಿ ಜರ್ನಲ್ ಆಫ್ ವೆಟರಿನರಿ ಬಿಹೇವಿಯರ್‌ನಲ್ಲಿ ಪ್ರಕಟಿಸಿದ್ದು, 1,225 ಮಾಲೀಕರ ಆನ್‌ಲೈನ್ ಸಮೀಕ್ಷೆ. ಸದ್ದಾದಾಗಲೆಲ್ಲ ತಿಂಡಿ ಅಥವಾ ಆಟ ಕೊಟ್ಟದ್ದು ಫಲ ಕೊಟ್ಟಿತು ಅಂದವರು ಅದನ್ನ ಮಾಡಿದವರಲ್ಲಿ ಶೇ. 70ರಷ್ಟು, ಗಿಡಮೂಲಿಕೆ, ಹೋಮಿಯೋಪಥಿ, ಫೆರೊಮೋನ್ (ಪ್ರಾಣಿಗಳ ವಾಸನೆಯ ಸಂಕೇತ) ಇತ್ಯಾದಿಗೆ ಅದು ಶೇ. 27ರಿಂದ 35ರ ಆಸುಪಾಸು. ಇದನ್ನ ‘ಶೇ. 70 ನಾಯಿಗಳು ಗುಣವಾದವು’ ಅಂತ ಬರೆದ್ರೆ ಸುಳ್ಳು. ‘ಹಾಗೆ ಮಾಡಿದ ಮಾಲೀಕರಲ್ಲಿ ಶೇ. 70ರಷ್ಟು ಮಂದಿ ಫಲ ಕಂಡಿತು ಎಂದರು’ ಅಂತ ಬರೆದ್ರೆ ನಿಜ. ಕೆಲವೇ ಪದದ ವ್ಯತ್ಯಾಸ, ಸಂಪಾದಕರು ನಿಮ್ಮನ್ನ ಎರಡನೇ ಸಲ ಕರೀತಾರೋ ಇಲ್ವೋ ಅನ್ನೋದು ಅದರ ಮೇಲೆ.

ರಾತ್ರಿಪಾಳಿ ಡೆಸ್ಕ್

ಒಂದೇ ವಿಷಯ ಎರಡು ಕಡೆ ಕಳಿಸೋರು ಪತ್ರಿಕೆಯವರು ಸಹಿಗೆ ಕಳಿಸೋ ಹಕ್ಕಿನ ಪತ್ರ ಓದಬೇಕು. ಕೃತಿಸ್ವಾಮ್ಯ ಕಾಯ್ದೆ 1957ರ 19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ ಸಹಿ ಮಾಡಿದ ಬರಹದಲ್ಲೇ ಇರಬೇಕು. ಅವಧಿ ಬರೆಯದಿದ್ರೆ ಐದು ವರ್ಷ ಅಂತ, ಪ್ರದೇಶ ಬರೆಯದಿದ್ರೆ ಭಾರತದೊಳಗೆ ಅಂತ ಲೆಕ್ಕ. ‘ಎಲ್ಲ ಭಾಷೆಯ, ಎಲ್ಲ ಕಾಲದ ಹಕ್ಕು’ ಅಂತ ಪತ್ರದಲ್ಲಿದ್ರೆ ಇಂಗ್ಲಿಷ್ ಲೇಖನಕ್ಕೆ ಕುತ್ತು. ‘ಕನ್ನಡದಲ್ಲಿ ಮೊದಲ ಪ್ರಕಟಣೆಯ ಹಕ್ಕು ಮಾತ್ರ’ ಅಂತ ತಿದ್ದಿ ಕಳಿಸಿ, ಸಾಮಾನ್ಯವಾಗಿ ಒಪ್ತಾರೆ. ಇಂಗ್ಲಿಷಿನವರಿಗೂ ಕನ್ನಡದಲ್ಲಿ ಬಂದಿದೆ ಅಂತ ಮೊದಲೇ ತಿಳಿಸಿ.

ಜೋಳದರೊಟ್ಟಿ

ಹಬ್ಬದ ವಾರದ 400 ಪದದ ಲೇಖನ ಹೀಗೆ ಶುರುವಾಗ್ತಿದೆ, ನೋಡಿ:

“ಇವತ್ತಿನಿಂದ ಭಯ ಬಿಡಿಸಲು ಹೊರಡಬೇಡಿ, ಸಮಯ ಮೀರಿದೆ. ಈ ಮೂರು ರಾತ್ರಿ ದಾಟಿಸುವುದಷ್ಟೇ ಕೆಲಸ. ಸಂಜೆ ಆರರೊಳಗೆ ನಾಯಿಯ ವಾಕಿಂಗ್, ಊಟ ಎರಡೂ ಮುಗಿದಿರಲಿ. ಪಟಾಕಿ ಸದ್ದು ಕೇಳಿದಾಗಲೆಲ್ಲ ಒಂದು ತುಂಡು ಪನೀರ್ ಕೊಡಿ. ತಿನ್ನದಿದ್ದರೆ ಬಾಯಿಗೆ ತುರುಕಬೇಡಿ. ಅಡಗಿದ ಜಾಗದಿಂದ ಎಳೆಯಬೇಡಿ. ಹತ್ತಿರ ಬಂದರೆ ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಿ.”

ಕ್ಲಿಕ್ಕರ್ ಕೈ

ಚೆನ್ನಾಗಿದೆ. ಒಂದು ತಿದ್ದುಪಡಿ: ‘ಕೂರಿಸಿಕೊಂಡು’ ಅಂದ್ರೆ ಕತ್ತುಪಟ್ಟಿ ಹಿಡಿದು ಕೂರಿಸೋರು ಇದ್ದಾರೆ. ‘ಪಕ್ಕದಲ್ಲಿ ಕೂರಲು ಬಿಟ್ಟು’ ಅಂತ ಮಾಡಿ. ಮತ್ತೆ ಆರಕ್ಕೆ ಊಟ ಮುಗಿಸಿದ ನಾಯಿಗೆ ಎಂಟಕ್ಕೆ ಪನೀರ್ ರುಚಿಸಬೇಕಲ್ಲ. ‘ಊಟ ಅರ್ಧ ಮಾತ್ರ’ ಅಂತ ಸೇರಿಸಿ.

ಧಾರವಾಡದ ದನದ ಡಾಕ್ಟ್ರು

ಪನೀರ್ ಇಡೀ ರಾತ್ರಿಗೆ ಎಷ್ಟು ಅಂತನೂ ಬರೀರಿ. ಸಣ್ಣ ನಾಯಿಗೆ ಮೂರು ರಾತ್ರಿ ಕಾಲು ಕಿಲೋ ಪನೀರ್ ತಿನಿಸಿದ್ರ ನಾಲ್ಕನೇ ದಿನ ಭೇದಿ ಹಿಡಕೊಂಡು ನಮ್ಮ ಬಾಗಿಲಿಗೆ ಬರ್ತಾರ.